ಮೊದಲು ಚಪ್ಪಲಿ ಎಣಿಸಿ, ಆಮೇಲೆ ಹಾಜರಿ ಪುಸ್ತಕ ನೋಡಿ

ಬಾಲಕಾರ್ಮಿಕರಿದ್ದಾರಾ ಅಂತ ತಪಾಸಣೆಗೆ ಹೋದ ಕಾರ್ಮಿಕ ಇನ್ಸ್‌ಪೆಕ್ಟರ್‌ಗಳು ಮಾಡುವ ಮೊದಲ ತಪ್ಪು ಏನು ಗೊತ್ತಾ? ಸೀದಾ ಮಾಲೀಕರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂರುವುದು. ಟೀ ಬರುತ್ತದೆ, ಫೈಲು ಬರುತ್ತದೆ, ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನಾಲ್ಕು ಮಕ್ಕಳನ್ನು ಆಚೆ ಕಳಿಸಿರುತ್ತಾರೆ. ಫೈಲು ಎಲ್ಲಿಗೂ ಓಡಿ ಹೋಗುವುದಿಲ್ಲ. ಮೊದಲು ಕೆಲಸದ ಜಾಗ ನೋಡಿ, ಹಿಂದಿನ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿಯೇ ಒಳಗೆ ಹೋಗಿ.

ಹೇಳದೆ ಹೋಗುವುದು ಅನ್ಯಾಯ ಅಂತ ಮಾಲೀಕರು ಗಲಾಟೆ ಮಾಡಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 1947ರ 81ನೇ ಒಪ್ಪಂದ ಇನ್ಸ್‌ಪೆಕ್ಟರ್‌ಗೆ ಕೊಟ್ಟಿರುವುದೇ ಆ ಅಧಿಕಾರ: ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ, ಮುನ್ಸೂಚನೆ ಇಲ್ಲದೆ ಒಳಗೆ ಹೋಗಬಹುದು. ದೂರು ಕೊಟ್ಟವರು ಯಾರು ಅಂತ ಬಾಯಿ ಬಿಡುವಂತಿಲ್ಲ ಅಂತಲೂ ಅದರಲ್ಲೇ ಇದೆ.

ವಯಸ್ಸಿನ ಅಂಕಿಗಳು ತಲೆಯಲ್ಲಿರಲಿ. 1973ರ 138ನೇ ಒಪ್ಪಂದದ ಪ್ರಕಾರ ಕೆಲಸಕ್ಕೆ ಸೇರಲು ಕನಿಷ್ಠ 15 ವರ್ಷ, ಅದೂ ಕಡ್ಡಾಯ ಶಾಲೆ ಮುಗಿಯುವ ವಯಸ್ಸಿಗಿಂತ ಕಡಿಮೆ ಇರಬಾರದು. ಇನ್ನೂ ಬೆಳೆಯುತ್ತಿರುವ ದೇಶಗಳು 14ರಿಂದ ಶುರು ಮಾಡಬಹುದು. ಅಪಾಯದ ಕೆಲಸಕ್ಕೆ 18. ಜಾಸ್ತಿ ಜನ ಎಡವುವುದು ಇಲ್ಲೇ. 16ರ ಹುಡುಗ ಡಬ್ಬಕ್ಕೆ ಲೇಬಲ್ ಅಂಟಿಸುತ್ತಿದ್ದರೆ ತಪ್ಪಿಲ್ಲದಿರಬಹುದು, ಅದೇ ಹುಡುಗ ಪಕ್ಕದ ಕೋಣೆಯಲ್ಲಿ ರಾಸಾಯನಿಕ ಕಲಸುತ್ತಿದ್ದರೆ ಅದು ಅಪರಾಧ. ಆದ್ದರಿಂದ ವಯಸ್ಸು ಮಾತ್ರ ಅಲ್ಲ, ಏನು ಕೆಲಸ, ಎಷ್ಟು ಗಂಟೆ ಅನ್ನುವುದನ್ನೂ ಬರೆದುಕೊಳ್ಳಿ. ನಿಮ್ಮ ದೇಶದ ಕಾನೂನಿನಲ್ಲಿ ಅಂಕಿ ಬೇರೆ ಇದ್ದೀತು, ಕೇಸು ನಿಲ್ಲುವುದು ಅದರ ಮೇಲೆ.

ಇನ್ನು ಒಳಗೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಪುಟ್ಟ ಜೋಡಿ ಇದೆಯಾ? ಯಂತ್ರದ ಮುಂದೆ ಮರದ ಪೆಟ್ಟಿಗೆಯೋ ಇಟ್ಟಿಗೆಯೋ ಇಟ್ಟಿದ್ದಾರಾ? ಕೈ ಎಟುಕದವರು ಹತ್ತಿ ನಿಲ್ಲಲು ಅಲ್ಲದಿದ್ದರೆ ಅದು ಅಲ್ಲಿ ಯಾಕೆ? ಸೂಜಿ ಬಟ್ಟೆಯಲ್ಲೇ ಸಿಕ್ಕಿಕೊಂಡಿದೆ, ಕೂತಿದ್ದವರು ಮಾತ್ರ ಕಾಣುತ್ತಿಲ್ಲ. ಅಂಥ ಜಾಗ ಎಷ್ಟಿವೆ ಎಣಿಸಿ. ಬೀಗ ಹಾಕಿದ ಉಗ್ರಾಣ, ಶೌಚಾಲಯ, ಮಾಳಿಗೆ ಎಲ್ಲ ತೆಗೆಸಿ ನೋಡಿ. ಪುಸ್ತಕದಲ್ಲಿ 20 ಜನ ಇದ್ದು 40 ಜನರ ಮಾಲು ಹೊರಗೆ ಹೋಗುತ್ತಿದ್ದರೆ ಉಳಿದದ್ದು ಎಲ್ಲಿ ತಯಾರಾಗುತ್ತಿದೆ ಅಂತ ಕೇಳಿ. ಪೀಸ್ ಲೆಕ್ಕದಲ್ಲಿ ಮನೆಗಳಿಗೆ ಹೋದ ಕೆಲಸ ಬಹಳ ಸಲ ಮಕ್ಕಳ ಕೈಯಲ್ಲೇ ಮುಗಿಯುತ್ತದೆ.

ಬರೀ ಕಾರ್ಖಾನೆ ಸುತ್ತಿದರೂ ಸಾಲದು. ಐಎಲ್‌ಒ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಹಿಂದಿನ ವರ್ಷ ಜಗತ್ತಿನಲ್ಲಿ ಸುಮಾರು 13.8 ಕೋಟಿ ಬಾಲಕಾರ್ಮಿಕರಿದ್ದರು, ಅವರಲ್ಲಿ 5.4 ಕೋಟಿ ಮಕ್ಕಳು ಅಪಾಯದ ಕೆಲಸದಲ್ಲಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇರುವುದು ಹೊಲ, ತೋಟಗಳಲ್ಲಿ. ಅಲ್ಲಿಗೆ ಕೊಯ್ಲಿನ ಕಾಲದಲ್ಲಿ, ಶಾಲೆ ನಡೆಯುವ ಹೊತ್ತಿಗೆ ಹೋಗಿ. ಹತ್ತಿರದ ಶಾಲೆಯ ಹಾಜರಿಯಲ್ಲಿ ಒಂದೇ ತಿಂಗಳು ಹತ್ತಾರು ಮಕ್ಕಳು ಕಾಣೆಯಾಗಿದ್ದರೆ ನಿಮಗೆ ಬೇಕಾದ ಸುಳಿವು ಸಿಕ್ಕಿತು.

ವಯಸ್ಸು ಹಿಡಿಯುವುದೇ ಕಷ್ಟದ ಕೆಲಸ. ದಾಖಲೆ ತಂದು ಕೊಟ್ಟರೆ ಹುಟ್ಟಿದ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಎಂಟು ಜನರಿಗೆ ಒಂದೇ ಜನವರಿ 1, ಒಂದೇ ಕೈಬರಹ, ಒಂದೇ ಶಾಯಿ ಇದ್ದರೆ ಅನುಮಾನ ಪಡಿ. ಆದರೆ ಜನನ ನೋಂದಣಿ ಸರಿಯಿಲ್ಲದ ಕಡೆ ಜನವರಿ 1 ಅಂತ ಬರೆಯುವುದು ಮಾಮೂಲು, ಅದೊಂದರಿಂದಲೇ ತೀರ್ಮಾನ ಬೇಡ. ಮೂಳೆ, ಹಲ್ಲಿನ ಎಕ್ಸ್‌ರೇಯನ್ನೂ ಪೂರ್ತಿ ನಂಬಬೇಡಿ, ಅದರಿಂದ ಸಿಗುವುದು ಅಂದಾಜು ಮಾತ್ರ, ಒಂದೆರಡು ವರ್ಷ ಆಚೀಚೆ ಆಗುವುದು ಸುಲಭ.

ಮಾತಾಡಿಸುವುದೇ ವಾಸಿ, ಆದರೆ ಮೇಸ್ತ್ರಿ ಪಕ್ಕದಲ್ಲಿರಬಾರದು. ‘ನಿನಗೆ ಎಷ್ಟು ವರ್ಷ?’ ಅಂದರೆ ‘ಹದಿನೆಂಟು’ ಅಂತ ಬಾಯಿಪಾಠ ಬರುತ್ತದೆ. ಸುಮ್ನೆ ಮನೆ ವಿಷಯ ತೆಗೆಯಿರಿ.

‘ಮನೇಲಿ ಯಾರ್ಯಾರಿದ್ದೀರಿ?’
‘ಅಣ್ಣ, ನಾನು, ತಂಗಿ.’
‘ಅಣ್ಣ ಏನು ಮಾಡ್ತಾನೆ?’
‘ಅವನೂ ದುಡೀತಾನೆ. ಅವನಿಗೆ ಹದಿನೇಳಾಯ್ತು.’

ಲೆಕ್ಕ ಅವನೇ ಕೊಟ್ಟ, ಅಲ್ವಾ? ಆಗ ನಗಬೇಡಿ, ಸಿಕ್ಕಿಬಿದ್ದೆ ಅನ್ನುವ ಮುಖ ಮಾಡಬೇಡಿ. ಶಾಲೆ ಯಾವ ತರಗತಿಯಲ್ಲಿ ಬಿಟ್ಟ, ಇಲ್ಲಿಗೆ ಯಾರು ಕರೆತಂದರು, ಮನೆಯವರು ಮುಂಗಡ ತಗೊಂಡಿದ್ದಾರಾ ಅಂತ ನಿಧಾನವಾಗಿ ಕೇಳಿ. ಕರೆತಂದವನ ಹೆಸರು ದಂಡದ ರಸೀದಿಗಿಂತ ಮುಖ್ಯ, ಅವನು ಬೇರೆ ಹತ್ತು ಕಡೆಗೂ ಮಕ್ಕಳನ್ನು ಕಳಿಸಿರುತ್ತಾನೆ.

ಸಿಕ್ಕಿದ ಮಗುವನ್ನು ಅಲ್ಲೇ ‘ಮನೆಗೆ ಹೋಗು’ ಅಂತ ಅಟ್ಟಿಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು. ಮನೆಯಲ್ಲಿ ಕಾಸಿಲ್ಲ, ಆದ್ದರಿಂದ ಮರುವಾರ ಅದು ಇನ್ನೂ ಕತ್ತಲೆಯ ಜಾಗದಲ್ಲಿ, ಇನ್ನೂ ಕಡಿಮೆ ಕೂಲಿಗೆ ಇರುತ್ತದೆ. ಹೋಗುವಾಗಲೇ ಮಕ್ಕಳ ರಕ್ಷಣೆ ನೋಡಿಕೊಳ್ಳುವ ಅಧಿಕಾರಿ ಜೊತೆಗಿರಲಿ. ದುಡಿದ ದಿನಗಳ ಕೂಲಿಯನ್ನು ಪೂರ್ತಿ ಕೊಡಿಸಿ, ಮನೆಯ ದೊಡ್ಡವರೊಬ್ಬರಿಗೆ ಅದೇ ಕೆಲಸ ಕೊಡುವಂತೆ ಮಾಲೀಕರ ಜೊತೆ ಮಾತಾಡಿ, ಶಾಲೆಗೆ ಸೇರಿದ್ದನ್ನು ಫೋನಲ್ಲಿ ಅಲ್ಲ, ಹೋಗಿಯೇ ನೋಡಿ. ಮಗುವಿನ ಫೋಟೋ ಕಡತದಲ್ಲಿರಲಿ, ಗ್ರೂಪಿಗೆ ಹಾಕಬೇಡಿ.

ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ, ಈ ಸಲ ಸಂಜೆ ಏಳಕ್ಕೆ.