ನಾನೇ ಕಟ್ಟಿದ ಕಾರ್ ಚಾರ್ಜಿಂಗ್ ಪೆಟ್ಟಿಗೆ: ದುಡ್ಡು ಹೋದದ್ದೆಲ್ಲಿ, ಬಿಸಿಯಾದದ್ದೆಲ್ಲಿ

"ಅಷ್ಟು ದುಡ್ಡಿನ ಕಾರಿಗೆ ಮನೆಯಲ್ಲಿ ಬೆಸುಗೆ ಹಾಕಿದ ಪೆಟ್ಟಿಗೆ ಸಿಕ್ಕಿಸ್ತೀಯಾ? ಬ್ಯಾಟರಿ ಸುಟ್ಟು ಹೋಗುತ್ತೆ ನೋಡು" ಅಂತ ಹೇಳದವರೇ ಇರಲಿಲ್ಲ. ಪೆಟ್ಟಿಗೆ ಗೋಡೆ ಹತ್ತಿ ಈಗ ವರ್ಷದ ಮೇಲಾಯಿತು. ಬ್ಯಾಟರಿ ಚೆನ್ನಾಗಿದೆ. ಚಾರ್ಜರ್ ಇರುವುದು ಕಾರಿನೊಳಗೆ, ನಾವು ಕಟ್ಟುವುದು ಕಾರಿನ ಜೊತೆ ಮಾತಾಡಬಲ್ಲ ಒಂದು ಸ್ವಿಚ್ಚು ಅಷ್ಟೇ ಅಂತ ಎಷ್ಟು ಸಲ ಹೇಳಿದರೂ ಅವರಿಗೆ ನಾಟಲಿಲ್ಲ. ನಿಮಗೆ ಅದನ್ನು ಹೇಳಬೇಕಾಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ಓಪನ್‌ಇವಿಎಸ್‌ಇ ಥರದ ಸಿದ್ಧ ಬೋರ್ಡ್ ತರಿಸಿದ್ದರೆ ಅರ್ಧ ತಲೆನೋವು ತಪ್ಪುತ್ತಿತ್ತು. ಆದರೆ ಸ್ವಂತ ಬೋರ್ಡೇ ಆಗಬೇಕು ಅನ್ನುವ ಹಟ. ಮೆದುಳಿಗೆ ಇಎಸ್‌ಪಿ32 ಅನ್ನುವ ಪುಟಾಣಿ ಕಂಪ್ಯೂಟರ್ ಚಿಪ್, ಕಾರಿನ ಜೊತೆ ಮಾತಾಡುವ ಪೈಲಟ್ ಸಂಕೇತಕ್ಕೆ ಟಿಎಲ್072 ಅನ್ನುವ ಆಪ್-ಆಂಪ್ (ಸಂಕೇತ ಹಿಗ್ಗಿಸುವ ಚಿಪ್), ಪ್ಲಸ್ ಮೈನಸ್ 12 ವೋಲ್ಟಿನ ಸಪ್ಲೈ, 1 ಕಿಲೋ ಓಮ್ ರೆಸಿಸ್ಟರ್. ಕಾಗದದ ಮೇಲೆ ಎಲ್ಲ ಸರಿ. ಕಾರಿಗೆ ಸಿಕ್ಕಿಸಿದರೆ ಸದ್ದೇ ಇಲ್ಲ.

ವೋಲ್ಟಿನ ಏರಿಳಿತ ತೋರಿಸುವ ಸ್ಕೋಪ್ ಹಚ್ಚಿದಾಗ ಕಾರಣ ಕಂಡಿತು. ಆ ಆಪ್-ಆಂಪ್ ತನ್ನ ಸಪ್ಲೈ ಮಟ್ಟದವರೆಗೆ ಏರುವುದೇ ಇಲ್ಲ, ಮೇಲೂ ಕೆಳಗೂ ಸುಮಾರು ಒಂದೂವರೆ ವೋಲ್ಟ್ ಬಿಟ್ಟುಕೊಡುತ್ತದೆ. 12 ಇರಬೇಕಾದ ಕಡೆ ಹತ್ತೂವರೆ. ಕಾರು ಸಿಕ್ಕಿಸಿದಾಗ 9ಕ್ಕೆ ಇಳಿಯಬೇಕಾದದ್ದು 8ನ್ನೂ ಮುಟ್ಟಲಿಲ್ಲ. ಮೈನಸ್ ಕಡೆಯೂ ಅದೇ ಕಥೆ. ಸಪ್ಲೈಯನ್ನು 15ಕ್ಕೆ ಏರಿಸಿದರೆ ಪೈಲಟ್ 13ರ ಮೇಲೆ ಹೋಗುತ್ತದೆ, ಅದೂ ನಡೆಯುವುದಿಲ್ಲ. ಅದನ್ನು ಎರಡೇ ಎರಡು ಸಣ್ಣ ಬಿಡಿಭಾಗ ಹಾಕಿ 12ಕ್ಕೆ ತಂದು ನಿಲ್ಲಿಸಿದೆ. ಯಾವುವು ಅಂತ ಹೇಳುವುದಿಲ್ಲ. ಸ್ವಲ್ಪ ನೀವೂ ಒದ್ದಾಡಿ.

ಪೈಲಟ್ ಓದುವುದರಲ್ಲೂ ಒಂದು ಮಾತಿದೆ. 1 ಕಿಲೋಹರ್ಟ್ಸ್ ಅಲೆಯಲ್ಲಿ ಕಾರಿಗೆ 6 ಆಂಪಿಯರ್ ಮಿತಿ ಹೇಳಬೇಕಂದರೆ ಡ್ಯೂಟಿ (ಅಲೆ ಮೇಲಿರುವ ಹೊತ್ತಿನ ಪಾಲು) ನೂರಕ್ಕೆ 10. ಅಲೆ ಮೇಲಿರುವುದು 100 ಮೈಕ್ರೋಸೆಕೆಂಡ್ ಮಾತ್ರ. ಆ ಕಿಂಡಿಯಲ್ಲೇ ಎಡಿಸಿ (ವೋಲ್ಟನ್ನು ಅಂಕಿ ಮಾಡುವ ಭಾಗ) ಓದಬೇಕು. ಸುಮ್ನೆ ಸರಾಸರಿ ತೆಗೆದರೆ 9 ವೋಲ್ಟ್ (ಕಾರು ಸಿಕ್ಕಿಸಿದೆ) ಯಾವುದು, 6 ವೋಲ್ಟ್ (ಕಾರು ಚಾರ್ಜ್ ಕೇಳುತ್ತಿದೆ) ಯಾವುದು ಅಂತ ತಿಳಿಯುವುದಿಲ್ಲ. ಅಲೆ ಏರಿದ ತಕ್ಷಣ ಟೈಮರಿನಿಂದಲೇ ಓದು ಶುರುವಾಗುವ ಹಾಗೆ ಮಾಡಿದ ಮೇಲೆ ತಂಟೆ ನಿಂತಿತು.

ಮೇಜಿನ ಮೇಲೆ ಪರೀಕ್ಷೆಗೆ ಸುಳ್ಳು ಕಾರು ಇಟ್ಟುಕೊಂಡಿದ್ದೆ: ಒಂದು ಡಯೋಡು, 2.74 ಕಿಲೋ ಓಮ್, ಸ್ವಿಚ್ ಮೂಲಕ 1.3 ಕಿಲೋ ಓಮ್. ಚಿಲ್ಲರೆ ಕಾಸಿನ ಸಾಮಾನು. ಅದರ ಮುಂದೆ ಬೋರ್ಡ್ ಪಾಠ ಒಪ್ಪಿಸುವ ಹುಡುಗನ ಹಾಗೆ ನಡೆದುಕೊಂಡಿತು. ನಿಜವಾದ ಕಾರು ಬಂದಾಗ ಕಾಂಟ್ಯಾಕ್ಟರ್ (ಕಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್ಚು) ಟಕ್ ಅಂತ ಎಳೆಯಿತು, ಟಕ್ ಅಂತ ಬಿಟ್ಟಿತು, ಮತ್ತೆ ಎಳೆಯಿತು. ಅದರ ಕಾಯಿಲಿಗೆ ಕರೆಂಟ್ ಬಂದು ಹೋಗುವ ಹೊತ್ತಿನ ಗದ್ದಲಕ್ಕೆ ಇಎಸ್‌ಪಿ32 ರೀಸೆಟ್ ಆಗುತ್ತಿತ್ತು. ದೊಡ್ಡ ಕೆಪಾಸಿಟರ್ ಹಾಕಿದೆ, ಆಗಲಿಲ್ಲ. ಬೇರೆ ಸಪ್ಲೈ ಕೊಂಡೆ, ಆ ದುಡ್ಡು ದಂಡ. ಕೊನೆಗೆ ಕೆಲಸ ಮಾಡಿದ್ದು ಕಾಯಿಲ್ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರಿನ ಸ್ನಬರ್ (ಗದ್ದಲ ನುಂಗುವ ಜೋಡಿ), ಜೊತೆಗೆ ಪೈಲಟ್ ತಂತಿಯನ್ನು ಕಾಯಿಲ್ ತಂತಿಯಿಂದ ದೂರ ಎಳೆದದ್ದು.

ಈಗ ದುಡ್ಡಿನ ಮಾತು. ನೆನಪಿನಿಂದ ಹೇಳುತ್ತೇನೆ, ಬಿಲ್ಲುಗಳು ಎಲ್ಲಿವೆಯೋ. ಒಟ್ಟು ಖರ್ಚು ಒಳ್ಳೆಯ ರೆಡಿಮೇಡ್ ಪೆಟ್ಟಿಗೆಯ ಬೆಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದನ್ನು ಹತ್ತು ಪಾಲು ಮಾಡಿದರೆ ಕಾರಿಗೆ ಸಿಕ್ಕಿಸುವ ಟೈಪ್ 2 ಗನ್ನು ಮತ್ತು ಕೇಬಲಿಗೇ ನಾಲ್ಕು ಪಾಲು. ಆರ್‌ಸಿಡಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಮತ್ತು ಡಿಸಿ ಸೋರಿಕೆ ಸೆನ್ಸರಿಗೆ ಎರಡು. ಮೆದುಳು ಅಂತ ನಾವು ಕುಣಿದಾಡುವ ಬೋರ್ಡಿಗೆ ಒಂದು ಪಾಲೂ ಇಲ್ಲ. ಉಳಿದದ್ದು ಕಾಂಟ್ಯಾಕ್ಟರ್, ಪೆಟ್ಟಿಗೆ, ಗ್ಲ್ಯಾಂಡು, ಎರಡೆರಡು ಸಲ ಕೊಂಡ ಸಾಮಾನು. ದುಡ್ಡು ಉಳಿಸಬೇಕಾದರೆ ಚಿಪ್ಪಿನಲ್ಲಿ ಉಳಿಸಿ, ತಾಮ್ರದಲ್ಲಿ ಬೇಡ. ಆರ್‌ಸಿಡಿಯಲ್ಲಂತೂ ಬೇಡವೇ ಬೇಡ: 30 ಮಿಲಿಆಂಪಿಯರಿನ ಟೈಪ್ ಎ, ಜೊತೆಗೆ 6 ಮಿಲಿಆಂಪಿಯರ್ ಡಿಸಿ ಪತ್ತೆ ಮಾಡುವುದು. ಅಗ್ಗದ ಟೈಪ್ ಎಸಿ ಇಲ್ಲಿ ಕುರುಡು. ಮನೆಯ ಮುಖ್ಯ ವಿದ್ಯುತ್ ಬೋರ್ಡಿನ ಕಡೆಯ ಕೆಲಸ ಮತ್ತು ಅರ್ತಿಂಗ್ ಅಳತೆ ಲೈಸೆನ್ಸ್ ಇರುವವರಿಂದಲೇ ಮಾಡಿಸಿದೆ.

ಮೊದಲ ಕಾಂಟ್ಯಾಕ್ಟರ್ ಮೇಲೆ 32 ಆಂಪಿಯರ್ ಅಂತ ಅಚ್ಚಾಗಿತ್ತು. ಕಾರು ಗಂಟೆಗಟ್ಟಲೆ ಪೂರ್ತಿ ಕರೆಂಟ್ ಎಳೆಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ಕೈ ಇಡಲಾಗದಷ್ಟು ಕಾದಿತು. 63 ಆಂಪಿಯರಿನದು ಹಾಕಿದೆ. ಅದು ತಣ್ಣಗಾದರೂ ಟರ್ಮಿನಲ್ ಮಾತ್ರ ಬಿಸಿಯೇ, ಎರಡು ಗಂಟೆ ಕಳೆದರೆ 70 ಡಿಗ್ರಿ ದಾಟುತ್ತಿತ್ತು. ನೋಡಿದರೆ ತೆಳು ಎಳೆಗಳ ತಂತಿ ಸ್ಕ್ರೂ ಕೆಳಗೆ ಬದಿಗೆ ಸರಿದು ಹರಡಿಕೊಂಡಿತ್ತು, ಅರ್ಧ ಎಳೆಗಳಿಗೆ ಒತ್ತಡವೇ ಇಲ್ಲ. ಎಳೆಗಳನ್ನು ಒಟ್ಟಿಗೆ ಹಿಡಿಯುವ ಫೆರೂಲ್ ಕೊಳವೆ ಹಾಕಿ ಕ್ರಿಂಪ್ ಮಾಡಿ, ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ಬಿಗಿದೆ. ವಾರ ಬಿಟ್ಟು ಲೈನ್ ಕಟ್ ಮಾಡಿ ಮತ್ತೆ ಬಿಗಿದಾಗ ಕಾಲು ಸುತ್ತು ತಿರುಗಿತು! ಈಗ 45ರ ಆಸುಪಾಸು.

ಅದರ ಮೇಲೆ ಕರೆಂಟನ್ನೂ 32ರಿಂದ 25ಕ್ಕೆ ಇಳಿಸಿದ್ದೇನೆ. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದಲ್ವಾ, ಹಾಗಾಗಿ ಮೊದಲಿನ ನೂರರಲ್ಲಿ ಅರವತ್ತರಷ್ಟೇ ಉಳಿಯುತ್ತದೆ. 230 ವೋಲ್ಟಿನಲ್ಲಿ ಎಂಟು ಗಂಟೆಗೆ ಆದರೂ 46 ಯೂನಿಟ್ ಸಿಗುತ್ತದೆ. ದಿನಾ ಅಷ್ಟು ಓಡಿಸುವವರು ಯಾರು?

ಟರ್ಮಿನಲ್ ಹತ್ತಿರ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಅಂಟಿಸಿ, 75 ಡಿಗ್ರಿ ದಾಟಿದರೆ ನಿಲ್ಲಿಸುವ ಹಾಗೆ ಬರೆದಿದ್ದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಚಾರ್ಜಿಂಗ್ ನಿಲ್ಲುತ್ತಿತ್ತು. ಆ ಸೆನ್ಸರ್ ಎದ್ದ ಕೂಡಲೇ 85 ಅಂತ ಹೇಳುವುದು ಅದರ ಹುಟ್ಟುಗುಣ. ಮೊದಲ ಓದನ್ನು ಎಸೆದರೆ ಆಯಿತು.

ಇಷ್ಟಾದ ಮೇಲೆ ಸೋಲಾರ್ ಕಡೆ ಕೈ ಹಾಕದೆ ಇರಲಾಗಲಿಲ್ಲ. ಚಾವಣಿಯಲ್ಲಿ ಮಿಕ್ಕಿದ ಕರೆಂಟಿಗೆ ತಕ್ಕಂತೆ ಡ್ಯೂಟಿ ಬದಲಿಸುವುದು, ಅಷ್ಟೇ. ಬೇಕಾದ ಆಂಪಿಯರನ್ನು 0.6ರಿಂದ ಭಾಗಿಸಿದರೆ ಡ್ಯೂಟಿ. ಅದನ್ನು ಇಳಿಸಿದರೆ ಕಾರು 5 ಸೆಕೆಂಡಿನೊಳಗೆ ತಗ್ಗಬೇಕು, ನನ್ನದು ಅದಕ್ಕೂ ಮೊದಲೇ ತಗ್ಗುತ್ತದೆ. ತೊಡಕು ಇರುವುದು ಕೆಳಗಿನ ಮಿತಿಯಲ್ಲಿ. 6 ಆಂಪಿಯರಿಗಿಂತ ಕೆಳಗೆ ಹೋಗುವಂತಿಲ್ಲ, ಅಂದರೆ 1.4 ಕಿಲೋವ್ಯಾಟ್ ಸಿಗದಿದ್ದರೆ ಪೂರ್ತಿ ಬಂದ್. ಮೋಡ ಆಡುವ ದಿನ ಕಾರಿನೊಳಗಿನ ರಿಲೇಗಳು ಹೊಡೆದುಕೊಳ್ಳುವ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಅಷ್ಟು ಕಡಿಮೆ ಕರೆಂಟಿನಲ್ಲಿ ಕಾರಿನ ಸ್ವಂತ ಎಲೆಕ್ಟ್ರಾನಿಕ್ಸ್ ತಿನ್ನುವ ಪಾಲೂ ದೊಡ್ಡದೇ. ಒಮ್ಮೆ ನಿಂತರೆ ಹತ್ತು ನಿಮಿಷ ಮತ್ತೆ ಶುರು ಮಾಡದ ಹಾಗೆ ಬರೆದೆ, ಮೋಡ ಸಣ್ಣದಾದರೆ ನಿಲ್ಲಿಸದೆ 6ರಲ್ಲೇ ಎಳೆಯಲು ಬಿಟ್ಟೆ. ಮೋಡ ಸಣ್ಣದೋ ದೊಡ್ಡದೋ ಅಂತ ಪೆಟ್ಟಿಗೆ ಹೇಗೆ ತೀರ್ಮಾನಿಸುತ್ತದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೂ ತಿದ್ದುತ್ತಿದ್ದೇನೆ.