ಶೆಲ್ ಸ್ಕ್ರಿಪ್ಟ್ ಮೂಲಕ ವೆಬ್ ಅಪ್ಲಿಕೇಶನ್‌ಗೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಒದಗಿಸುವ ಕ್ರಮ

ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದರೆ ಪ್ರೋಗ್ರಾಮ್ ಓಡುವಾಗ ಹೊರಗಿನಿಂದ ಪಡೆಯುವ ಹೆಸರು-ಮೌಲ್ಯದ ಜೋಡಿ. ಡೇಟಾಬೇಸ್ ಪಾಸ್‌ವರ್ಡ್, ಎಪಿಐ ಕೀ ಮುಂತಾದವನ್ನು ಕೋಡ್‌ನಲ್ಲಿ ಬರೆಯದೆ ‘ಡಾಟ್ ಎನ್ವ್’ ಎಂಬ ಪ್ರತ್ಯೇಕ ಫೈಲಿನಲ್ಲಿಟ್ಟು, ಅಪ್ಲಿಕೇಶನ್ ಆರಂಭವಾಗುವ ಮುನ್ನ ಚಿಕ್ಕದೊಂದು ಶೆಲ್ ಸ್ಕ್ರಿಪ್ಟ್ (ಶೆಲ್ ಎಂಬ ಪ್ರೋಗ್ರಾಮ್ ಓಡಿಸುವ ಕಮಾಂಡ್‌ಗಳ ಫೈಲ್) ಅದನ್ನು ಓದುವಂತೆ ಮಾಡಬಹುದು.

ಆ ಫೈಲಿನಲ್ಲಿ ಸಾಲಿಗೊಂದರಂತೆ ಹೆಸರು, ಸಮ ಚಿಹ್ನೆ, ಮೌಲ್ಯ ಇರಬೇಕು. ಸಮ ಚಿಹ್ನೆಯ ಆಚೀಚೆ ಸ್ಪೇಸ್ ಬಿಟ್ಟರೆ ಶೆಲ್ ಆ ಸಾಲಿನಲ್ಲಿ ಕಮಾಂಡ್ ಇದೆಯೆಂದು ತಿಳಿದು ಓಡಿಸಲು ಹೋಗುತ್ತದೆ. ಸ್ಪೇಸ್, ಡಾಲರ್ ಅಥವಾ ಹ್ಯಾಶ್ ಚಿಹ್ನೆಯಿರುವ ಪಾಸ್‌ವರ್ಡನ್ನು ಸಿಂಗಲ್ ಕೋಟ್‌ಗಳ ನಡುವೆ ಬರೆಯಬೇಕು. ವಿಂಡೋಸ್‌ನಲ್ಲಿ ಉಳಿಸಿದ ಫೈಲಾದರೆ ಪ್ರತಿ ಮೌಲ್ಯದ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಂಟಿಕೊಂಡು, ಸರಿಯಾದ ಪಾಸ್‌ವರ್ಡ್ ಕೂಡ ತಿರಸ್ಕೃತವಾಗುವುದರಿಂದ ಅದನ್ನು ಮೊದಲೇ ತೆಗೆದುಹಾಕಬೇಕು.

ಸ್ಕ್ರಿಪ್ಟ್‌ನ ತಿರುಳು ನಾಲ್ಕೇ ಸಾಲು. ಮೊದಲನೆಯದು ‘ಸೆಟ್ ಮೈನಸ್ ಎ’. ಇದರ ನಂತರ ಮೌಲ್ಯ ಪಡೆಯುವ ಪ್ರತಿಯೊಂದು ವೇರಿಯಬಲ್ ತಾನಾಗಿಯೇ ಎಕ್ಸ್‌ಪೋರ್ಟ್ ಆಗುತ್ತದೆ, ಅಂದರೆ ಶೆಲ್ ಆರಂಭಿಸುವ ಪ್ರೋಗ್ರಾಮ್‌ಗಳಿಗೂ ಸಿಗುತ್ತದೆ. ಎರಡನೆಯದರಲ್ಲಿ ಒಂದು ಚುಕ್ಕಿ, ಸ್ಪೇಸ್, ಆಮೇಲೆ ಫೈಲಿನ ಪೂರ್ಣ ಪಾತ್; ಇದು ಆ ಫೈಲನ್ನು ಇದೇ ಶೆಲ್‌ನೊಳಗೆ ಓದಿಸುತ್ತದೆ. ಮೂರನೆಯದಾದ ‘ಸೆಟ್ ಪ್ಲಸ್ ಎ’ ಮೊದಲಿನ ವ್ಯವಸ್ಥೆಯನ್ನು ನಿಲ್ಲಿಸುತ್ತದೆ. ಕೊನೆಯದು ‘ಎಕ್ಸೆಕ್’, ಅದರ ಮುಂದೆ ಡಬಲ್ ಕೋಟ್‌ಗಳೊಳಗೆ ಡಾಲರ್ ಮತ್ತು ಅಟ್ ಚಿಹ್ನೆ. ಸ್ಕ್ರಿಪ್ಟ್‌ಗೆ ಕೊಟ್ಟ ಕಮಾಂಡ್ ಶೆಲ್‌ನ ಜಾಗದಲ್ಲಿಯೇ ಓಡತೊಡಗುವುದರಿಂದ, ಸರ್ವರ್ ಕಳುಹಿಸುವ ಸಿಗ್‌ಟರ್ಮ್ (ನಿಲ್ಲಲು ಹೇಳುವ) ಸಿಗ್ನಲ್ ನೇರವಾಗಿ ಅಪ್ಲಿಕೇಶನ್‌ಗೆ ತಲುಪಿ, ಅದು ಕೈಯಲ್ಲಿದ್ದ ಕೆಲಸ ಮುಗಿಸಿ ನಿಲ್ಲಲು ಅವಕಾಶವಾಗುತ್ತದೆ.

‘ಎಕ್ಸೆಕ್’ ಇಲ್ಲದೆ ವೇರಿಯಬಲ್‌ಗಳನ್ನಷ್ಟೇ ತುಂಬುವ ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದರೆ ಟರ್ಮಿನಲ್‌ನಲ್ಲಿ ಏನೂ ಉಳಿಯುವುದಿಲ್ಲ. ಹಾಗೆ ಓಡುವ ಸ್ಕ್ರಿಪ್ಟ್ ಟರ್ಮಿನಲ್‌ನ ಶೆಲ್ ಹುಟ್ಟಿಸಿದ ಚೈಲ್ಡ್ ಪ್ರಾಸೆಸ್, ಅದು ತನ್ನ ಪೇರೆಂಟ್‌ನ ಎನ್ವಿರಾನ್‌ಮೆಂಟನ್ನು ಬದಲಿಸಲಾರದು. ಅಂಥದ್ದನ್ನು ‘ಸೋರ್ಸ್’ ಮಾಡಲೇಬೇಕು, ಅಂದರೆ ಮೇಲಿನ ಚುಕ್ಕಿಯಂತೆ ಇದೇ ಶೆಲ್‌ನೊಳಗೆ ಓದಿಸಬೇಕು. ‘ಕ್ಯಾಟ್’ ಮತ್ತು ‘ಎಕ್ಸ್‌ಆರ್ಗ್ಸ್’ ಜೋಡಿಸಿ ಒಂದೇ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡುವ ಜನಪ್ರಿಯ ಉಪಾಯವನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಮೌಲ್ಯದಲ್ಲಿ ಒಂದು ಸ್ಪೇಸ್ ಇದ್ದರೂ ಅದು ಅಲ್ಲಿಗೇ ತುಂಡಾಗುತ್ತದೆ.

‘ಎಕ್ಸೆಕ್’ಗಿಂತ ಮುಂಚೆ ಕಡ್ಡಾಯ ವೇರಿಯಬಲ್‌ಗಳನ್ನು ಪರೀಕ್ಷಿಸುವುದು ಒಳ್ಳೆಯದು. ಡಾಲರ್ ಚಿಹ್ನೆಯ ನಂತರದ ಪುಷ್ಪಾವರಣದೊಳಗೆ (ಕರ್ಲಿ ಬ್ರಾಕೆಟ್) ಹೆಸರಿನ ನಂತರ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಮತ್ತು ಒಂದು ಸಂದೇಶ ಬರೆದರೆ, ಮೌಲ್ಯವಿಲ್ಲದಾಗ ಸ್ಕ್ರಿಪ್ಟ್ ಆ ಸಂದೇಶ ತೋರಿಸಿ ನಿಲ್ಲುತ್ತದೆ. ಈ ಸಾಲಿನ ಆರಂಭದಲ್ಲಿ ಬರಿಯ ಕೋಲನ್ ಕಮಾಂಡ್ ಇರಬೇಕು.

ಶೆಲ್ ಈ ಫೈಲನ್ನು ಕೋಡ್ ಎಂದೇ ಓಡಿಸುವುದರಿಂದ ಬೇರೆಯವರು ಅದನ್ನು ತಿದ್ದುವಂತಿರಬಾರದು. ಮಾಲೀಕರಷ್ಟೇ ಓದಿ ತಿದ್ದುವಂತೆ ‘ಸಿಎಚ್‌ಮೋಡ್ 600’ ಕೊಡಿ. ಫೈಲಿನ ಹೆಸರನ್ನು ಗಿಟ್‌ಇಗ್ನೋರ್‌ಗೆ (ಕೋಡ್ ದಾಖಲಿಸುವ ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿ) ಸೇರಿಸಿ. ಈಗಾಗಲೇ ಕಮಿಟ್ ಆಗಿದ್ದರೆ ಅದು ಹಿಸ್ಟರಿಯಲ್ಲಿ ಉಳಿದಿರುತ್ತದೆ, ಆಗ ಕೀಗಳನ್ನೇ ಬದಲಿಸಬೇಕು.

ಇದೇ ಫೈಲನ್ನು ಡಾಕರ್‌ನ (ಅಪ್ಲಿಕೇಶನ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ‘ಡಾಕರ್ ರನ್’ ಕಮಾಂಡ್‌ನ ‘ಎನ್ವ್ ಫೈಲ್’ ಆಯ್ಕೆಗೆ ಕೊಡುವವರು ಗಮನಿಸಬೇಕಾದದ್ದೊಂದಿದೆ: ಅಲ್ಲಿ ಶೆಲ್‌ನ ನಿಯಮಗಳು ಅನ್ವಯಿಸುವುದಿಲ್ಲ, ಕೋಟ್ ಚಿಹ್ನೆಗಳೂ ಮೌಲ್ಯದ ಭಾಗವಾಗಿಯೇ ಅಪ್ಲಿಕೇಶನ್‌ಗೆ ಹೋಗುತ್ತವೆ.