ನೆಂಟರ ಜೊತೆ ಮುನಿಸಿಕೊಳ್ಳದೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡುವುದು ಹೇಗೆ

ಕಳೆದ ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ನಾದಿನಿ, ಅವಳ ಗಂಡ, ಇಬ್ಬರು ಮಕ್ಕಳು ಬಾಗಲಕೋಟೆಗೆ, ನವನಗರದ ನಮ್ಮ ಮನೆಗೆ ಬಂದಿದ್ದರು. ಒಂದೇ ದಿನದಲ್ಲಿ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಲ್ಲಾ ತೋರಿಸ್ತೀನಿ ಅಂತ ಜಂಬ ಕೊಚ್ಚಿದವಳು ನಾನೇ. ರಾತ್ರಿ ಒಂಬತ್ತಕ್ಕೆ ಮನೆ ಸೇರಿದಾಗ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನೋಡಿದ್ದು ಎರಡೂವರೆ ಊರು. ಮಾರ್ಚ್‌ನಲ್ಲಿ ತಂಗಿ ಬಂದಾಗ ಬೇರೆ ಥರ ಹೋದೆವು. ಆ ಎರಡು ಪ್ರವಾಸದಿಂದ ಕಲಿತದ್ದು ಇದು.

ಕೂಡಲಸಂಗಮವನ್ನು ಪಟ್ಟಿಯಿಂದ ತೆಗೆದುಬಿಡಿ. ಅದನ್ನು ಆಲಮಟ್ಟಿ ಜೊತೆ ಇನ್ನೊಂದು ದಿನ ಇಟ್ಟುಕೊಳ್ಳಿ. ಉಳಿದ ಊರುಗಳನ್ನು ಎಲ್ಲರೂ ಮಾಡುವುದಕ್ಕೆ ಉಲ್ಟಾ ನೋಡಿ: ಬೆಳಿಗ್ಗೆ ಐಹೊಳೆ, ಆಮೇಲೆ ಪಟ್ಟದಕಲ್ಲು, ಊಟಕ್ಕೆ ಬನಶಂಕರಿ, ಕೊನೆಗೆ ಬಾದಾಮಿ. ನಾವು ಅವತ್ತು ಅವಲಕ್ಕಿ, ಚಹಾ, ಇನ್ನೊಂದು ಚಹಾ ಅಂತ ಹತ್ತೂವರೆಗೆ ಹೊರಟು ಮೊದಲು ಬಾದಾಮಿಗೇ ಹೋದೆವು. ಶಾಲೆ ಮಕ್ಕಳ ಬಸ್ಸುಗಳೂ ಅದೇ ಹೊತ್ತಿಗೆ ಬಂದಿದ್ದವು. ಮೆಟ್ಟಿಲು ಹತ್ತಲೂ ಸಾಲು! ಐಹೊಳೆ ಮುಟ್ಟುವಷ್ಟರಲ್ಲಿ ಗೇಟು ಹಾಕಿತ್ತು. ದುರ್ಗ ಗುಡಿಯ ಗುಂಡಗಿನ ಬೆನ್ನು ಮಾತ್ರ ಕಂಬಿಯಾಚೆ ಕತ್ತಲಲ್ಲಿ ಕಂಡಿತು. 'ವೈನಿ, ಇದನ್ನ ನೋಡಾಕ ಬಂದ್ವೇನು?' ಅಂದಳು ನಾದಿನಿ.

ಶುಕ್ರವಾರ ಬೇಡ. ಗುಹೆ, ಗುಡಿ ತೆರೆದಿರುತ್ತವೆ, ಆದರೆ ಬಾದಾಮಿ ಮತ್ತು ಐಹೊಳೆಯ ಮ್ಯೂಸಿಯಂಗಳಿಗೆ ಅಂದು ರಜೆ. ನಾವು ಹೋದದ್ದು ಶುಕ್ರವಾರವೇ ಅಂತ ಬೇರೆ ಹೇಳಬೇಕಾ?

ಗಾಡಿ ಮಾತಾಡುವಾಗ 'ಬಾದಾಮಿ ಕಡೆ ಒಂದು ರೌಂಡ್' ಅನ್ನಬೇಡಿ. ನಾನು ಹಾಗೇ ಅಂದಿದ್ದೆ. ಪಟ್ಟದಕಲ್ಲಿನಲ್ಲಿ ಡ್ರೈವರ್ 'ಅಕ್ಕಾರ, ಐಹೊಳಿ ನಮ್ಮ ಲೆಕ್ಕದಾಗ ಇಲ್ರಿ' ಅಂದ. ರಸ್ತೆಯಲ್ಲೇ ಅರ್ಧ ಗಂಟೆ ವಾದ. ಅವನದೇನೂ ತಪ್ಪಿಲ್ಲ, ಆದರೆ ಆ ಅರ್ಧ ಗಂಟೆಯಲ್ಲೇ ಐಹೊಳೆ ಹೋಯಿತು. ಊರುಗಳ ಹೆಸರು, ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ, ಪಾರ್ಕಿಂಗ್ ದುಡ್ಡು ಯಾರದು, ಎಲ್ಲಾ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ.

ಇನ್ನು ಮಂಗಗಳ ವಿಷಯ. ಬಾದಾಮಿಯಲ್ಲಿ ಸರಬರ ಸದ್ದು ಮಾಡುವ ಚೀಲ ಅಂದರೆ ಒಳಗೆ ತಿಂಡಿ ಅಂತ ಅವಕ್ಕೆ ಚೆನ್ನಾಗಿ ಗೊತ್ತು. ಎರಡನೇ ಗುಹೆಯ ಮೆಟ್ಟಿಲ ಮೇಲೆ ಒಂದು ಮಂಗ ಅತ್ತೆಯವರ ಪ್ಲಾಸ್ಟಿಕ್ ಚೀಲ ಕಿತ್ತುಕೊಂಡು ಗೋಡೆ ಏರಿತು. ಚಕ್ಕುಲಿ ಪೊಟ್ಟಣ ಬದಿಗಿಟ್ಟಿತು. ಬಿಪಿ ಮಾತ್ರೆಯ ಹಾಳೆ ಕೈಗೆತ್ತಿಕೊಂಡಿತು. ಒಂದೊಂದೇ ಮಾತ್ರೆ ಒತ್ತಿ ತೆಗೆಯುವುದು, ನೆಕ್ಕುವುದು, ಮುಖ ಸಿಂಡರಿಸಿ ಎಸೆಯುವುದು. 'ಎಂಟು ಹೋದುವು' ಅಂದರು ಅತ್ತೆ, ಕೆಳಗೆ ನಿಂತು ಎಣಿಸುತ್ತಾ. ಅದೇ ಮಾತ್ರೆ ಹುಡುಕಿ ಊರೊಳಗೆ ಔಷಧಿ ಅಂಗಡಿ ಅಲೆದದ್ದು ಒಂದು ತಾಸು. ಹಾಗಾಗಿ ಜಿಪ್ ಇರುವ ಬೆನ್ನುಚೀಲ ಒಂದೇ ಸಾಕು. ಮಾತ್ರೆ ಅದರ ತಳದಲ್ಲಿರಲಿ, ತಿಂಡಿ ಗಾಡಿಯಲ್ಲೇ ಇರಲಿ.

ಮಂಡಿ ನೋವಿನವರನ್ನು ನಾಲ್ಕೂ ಗುಹೆ ಹತ್ತಿಸಬೇಡಿ. ಆದರೆ ಮೂರನೆಯದನ್ನು ಬಿಡಲೂಬೇಡಿ, ಕೂತು ಕೂತು ಹತ್ತಿಸಿ. ಎಲ್ಲಕ್ಕಿಂತ ದೊಡ್ಡದು ಅದೇ. ಕ್ರಿ.ಶ. 578ರ, ಚಾಲುಕ್ಯ ಮಂಗಳೇಶನ ಶಾಸನವೂ ಅಲ್ಲೇ ಇದೆ. ಪಟ್ಟದಕಲ್ಲಿನಲ್ಲಿ ಆ ತಾಪತ್ರಯ ಇಲ್ಲ, ಎಲ್ಲಾ ಬಯಲು. ಬಿಸಿಲು ಮಾತ್ರ ಜಾಸ್ತಿ. ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಬಿಡಬೇಕು. ಮಧ್ಯಾಹ್ನ ಕಲ್ಲು ರೊಟ್ಟಿ ಹಂಚಿನಷ್ಟು ಕಾದಿರುತ್ತದೆ. ಕಾಲುಚೀಲ ಹಾಕಿಕೊಳ್ಳಿ.

ಅಲ್ಲಿ ಮಕ್ಕಳಿಗೆ ಇಸವಿ ಹೇಳಿ ಬೋರು ಹೊಡೆಸಬೇಡಿ. ಅವತ್ತು ನಾನು '1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು' ಅಂತ ಶುರು ಮಾಡಿದ್ದೆ, ಇಬ್ಬರೂ ಮೊಬೈಲ್ ತೆಗೆದರು. ಮಾರ್ಚ್‌ನಲ್ಲಿ ತಂಗಿ ಮಗನನ್ನು ಮಲ್ಲಿಕಾರ್ಜುನ, ಕಾಶಿವಿಶ್ವನಾಥ ಗುಡಿಗಳ ಮಧ್ಯೆ ನಿಲ್ಲಿಸಿ, ಎರಡರ ಶಿಖರದಲ್ಲಿ ಏನು ವ್ಯತ್ಯಾಸ ಅಂತ ಕೇಳಿದೆ. 'ಒಂದು ಮೆಟ್ಟಿಲು ಮೆಟ್ಟಿಲಾಗಿದೆ, ಇನ್ನೊಂದು ಬಾಗಿದೆ' ಅಂದ. ಮೊದಲನೆಯದು ದಕ್ಷಿಣದ ದ್ರಾವಿಡ ಶೈಲಿ, ಬಾಗಿದ್ದು ಉತ್ತರದ ನಾಗರ. ಗಂಡ, ಚಾಲುಕ್ಯರ ಎರಡನೇ ವಿಕ್ರಮಾದಿತ್ಯ, ಕಂಚಿ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದ ಕಥೆಯನ್ನೂ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡ.

ಬನಶಂಕರಿಯಲ್ಲಿ ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಾರೆ. ಒಂದು ಗಂಟೆಯೊಳಗೆ ಹೋಗಿ. ನಾವು ಮೂರೂವರೆಗೆ ಹೋಗಿ ಖಾಲಿ ಬುಟ್ಟಿ ನೋಡಿದೆವು.

ಗುಹೆ ಮುಗಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿ ತನಕ ನಡೆಯಿರಿ. ಗುಡಿ ಕೆರೆಯ ಪೂರ್ವ ತುದಿಯಲ್ಲಿದೆ, ಹಾಗಾಗಿ ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮಾರ್ಚ್‌ನಲ್ಲಿ ಅಲ್ಲಿ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೆವು. ಅತ್ತೆ ಒಂದು ನಿದ್ದೆಯನ್ನೂ ತೆಗೆದರು, ಬೆನ್ನುಚೀಲ ತಲೆದಿಂಬು ಮಾಡಿಕೊಂಡು.